ಹಳೆಯ ಜಪಾನಿ ಲ್ಯಾಕರ್ ಬೀರುವಿಗೆ ಪಾಲಿಶ್ ಹಚ್ಚಬೇಡಿ

ಯಾರ ಮನೆಯಲ್ಲಾದರೂ ಹಳೆಯ ಜಪಾನಿ ಲ್ಯಾಕರ್ ಬೀರು, ಪೆಟ್ಟಿಗೆ ಇದ್ದರೆ ಮೊದಲು ಕಿಟಕಿ ಪಕ್ಕದಿಂದ ಸರಿಸಿ. ಈ ಲ್ಯಾಕರ್ ಅಂದರೆ ಮೇಲೆ ಬಳಿದ ಉರುಶಿ, ಅಂದರೆ ಅದೇ ಹೆಸರಿನ ಮರದ ರಸ. ನಮ್ಮ ಚನ್ನಪಟ್ಟಣದ ಗೊಂಬೆಯ ಅರಗು ಬೇರೆ, ಅದು ಕೀಟದಿಂದ ಬರುವುದು. ಉರುಶಿ ಒಮ್ಮೆ ಗಟ್ಟಿಯಾದರೆ ನೀರಿಗೆ, ಆಮ್ಲಕ್ಕೆ ಜಗ್ಗುವುದಿಲ್ಲ. ಆದರೆ ಬಿಸಿಲಿಗೆ ಸೋಲುತ್ತದೆ. ಕಪ್ಪು ಬಣ್ಣ ಕಂದಾಗುತ್ತದೆ, ಹೊಳಪು ಹೋಗಿ ಸಣ್ಣ ಸಣ್ಣ ಬಿರುಕು ಬಿಡುತ್ತದೆ. ಆಮೇಲೆ ಒದ್ದೆ ಬಟ್ಟೆ ಇರಲಿ, ಬೆರಳು ತಾಗಿದರೂ ಕಲೆ.

ಚಿನ್ನದ ಚಿತ್ರವಿದ್ದರೆ ಇನ್ನೂ ಜಾಗ್ರತೆ. ಮಾಕಿಎ ಎಂಬ ಈ ಕೆಲಸದಲ್ಲಿ ಉರುಶಿಯಿಂದಲೇ ಚಿತ್ರ ಬರೆದು, ಅದು ಹಸಿ ಇರುವಾಗಲೇ ಚಿನ್ನದ ಪುಡಿ ಉದುರಿಸುತ್ತಾರೆ. ಟಾರ್ಚ್ ಓರೆಯಾಗಿ ಹಿಡಿದು ನೋಡಿ, ತುಸು ಉಬ್ಬಿದ ಗೆರೆಯಲ್ಲಿ ಪುಡಿಯ ಕಣಗಳು ಮಿನುಗುತ್ತವೆ. ಎಂಥ ಕೈಚಳಕ ಅಲ್ವಾ! ಜೋರಾಗಿ ಉಜ್ಜಿದರೆ ಅವೆಲ್ಲ ಬಟ್ಟೆಗೇ ಬರುತ್ತವೆ. ಮೃದುವಾದ ಬ್ರಷ್‌ನಿಂದ ಧೂಳು ತೆಗೆದರೆ ಸಾಕು, ಸುಮ್ನೆ ಪಾಲಿಶ್, ಸ್ಪಿರಿಟ್ ಅಂತ ಹೋಗಬೇಡಿ.

ಅಲಂಕಾರಕ್ಕೆ ಕೂರಿಸಿದ ಚಿಪ್ಪಿನ ಚೂರು ಎದ್ದಿದ್ದರೆ ಅಲ್ಲಿ ಬ್ರಷ್ಷೂ ಬೇಡ. ಬಿದ್ದ ಚೂರನ್ನು ಕವರಿನಲ್ಲಿ ಎತ್ತಿಡಿ, ಫೆವಿಕ್ವಿಕ್ ಮುಟ್ಟಲೇಬೇಡಿ. ಎಸಿ ಗಾಳಿ ನೇರ ಬಡಿಯುವ ಕಡೆಯೂ ಇಡಬೇಡಿ. ಗಾಳಿ ಒಣಗಿದಷ್ಟೂ ಒಳಗಿನ ಮರ ಕುಗ್ಗಿ, ಮೇಲಿನ ಪದರ ಏಳುತ್ತದೆ.