ಕೈಬಿಟ್ಟು ಹೋದ ಹಿರಿಯರ ಜಮೀನನ್ನು ಹುಡುಕುವುದು ಹೇಗೆ?

‘ನಮಗೂ ಒಂದು ಕಾಲದಲ್ಲಿ ಜಮೀನಿತ್ತಂತೆ’ ಎಂಬ ಮಾತು ಎಷ್ಟೋ ಮನೆಗಳಲ್ಲಿ ಉಳಿದಿರುತ್ತದೆ. ಎಲ್ಲಿತ್ತು, ಯಾವಾಗ ಕೈಬಿಟ್ಟಿತು ಅಂದರೆ ಯಾರಿಗೂ ಸರಿಯಾಗಿ ಗೊತ್ತಿರುವುದಿಲ್ಲ. ಇದನ್ನು ಪತ್ತೆ ಮಾಡಬಹುದು. ಆದರೆ ಬರೀ ಹೆಸರು ಹಿಡಿದು ಹೊರಟರೆ ದಾರಿ ತಪ್ಪುವುದೇ ಜಾಸ್ತಿ. ಒಂದೇ ಹೆಸರನ್ನು ಮೂರು ಬಗೆಯಾಗಿ ಬರೆದಿರುತ್ತಾರೆ. ನೆಲವನ್ನು ಹಿಡಿದು ಹೋಗಿ.

ಮೊದಲು ಮನೆಯ ಹಿರಿಯರನ್ನು ಕೇಳಿ. ‘ಜಮೀನು ಎಲ್ಲಿತ್ತು?’ ಅಂದರೆ ಉತ್ತರ ಸಿಗದೇ ಹೋಗಬಹುದು. ಶಾಲೆಗೆ ಯಾವ ದಾರಿಯಲ್ಲಿ ಹೋಗುತ್ತಿದ್ದಿರಿ, ನೀರು ಎಲ್ಲಿಂದ ತರುತ್ತಿದ್ದಿರಿ, ಪಕ್ಕದ ಹೊಲ ಯಾರದ್ದು ಎಂದು ಕೇಳಿದರೆ ನೆನಪು ತಾನಾಗಿ ಬಿಚ್ಚಿಕೊಳ್ಳುತ್ತದೆ. ಕಾಗದ ಕೊಟ್ಟು ನಕ್ಷೆ ಬರೆಸಿ, ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಇದನ್ನು ಮಾತ್ರ ದಯವಿಟ್ಟು ಮುಂದಕ್ಕೆ ಹಾಕಬೇಡಿ. ಕಚೇರಿಯ ಕಡತ ಮುಂದಿನ ವರ್ಷವೂ ಸಿಗುತ್ತದೆ.

ನಂತರ ಹಳೆಯ ಪೆಟ್ಟಿಗೆ ತೆಗೆಯಿರಿ. ಕ್ರಯಪತ್ರ, ವಿಭಾಗಪತ್ರ, ಸಾಲದ ಪತ್ರ, ಕಂದಾಯದ ರಸೀದಿ, ಯಾವುದಾದರೂ ಸರಿ. ಜಮೀನಿನ ನಂಬರ್ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಮರು ಅಳತೆಯಾದಾಗ ನಂಬರ್ ಬದಲಾಗಿರಬಹುದು. ಹಳೆ ನಂಬರ್ ಯಾವ ಹೊಸ ನಂಬರ್ ಆಯಿತು ಎಂದು ಭೂದಾಖಲೆ ಕಚೇರಿಯಲ್ಲಿ ವಿಚಾರಿಸಿ.

ನೋಂದಣಿ ಕಚೇರಿಯಲ್ಲಿ ಇವತ್ತಿನ ಮಾಲೀಕರಿಂದ ಶುರುಮಾಡಿ ಹಿಂದಕ್ಕೆ ಹೋಗಿ. ಈ ಜಮೀನು ಯಾರಿಂದ ಬಂತು ಎಂದು ಸಾಮಾನ್ಯವಾಗಿ ಪತ್ರದಲ್ಲೇ ಬರೆದಿರುತ್ತದೆ. ಪತ್ರದಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಭಾಗ ಚೆಕ್ಕುಬಂದಿ. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಇಂಥವರ ಹೊಲ ಎಂದು ನಾಲ್ಕೂ ದಿಕ್ಕು ಹೇಳುವ ಆ ಸಾಲುಗಳನ್ನು ಅಕ್ಷರ ಬಿಡದೆ ಬರೆದುಕೊಳ್ಳಿ. ನಿಮ್ಮ ಪತ್ರವೇ ಕಳೆದುಹೋಗಿದ್ದರೆ ಅಕ್ಕಪಕ್ಕದವರ ಪತ್ರ ಹುಡುಕಿ. ಅವರ ಚೆಕ್ಕುಬಂದಿಯಲ್ಲಿ ನಿಮ್ಮ ಹಿರಿಯರ ಹೆಸರು ಇರಲೇಬೇಕಲ್ವಾ? ಇಂಗ್ಲಿಷ್ ಪದ್ಧತಿಯ ಹಳೆ ದಾಖಲೆಗಳಲ್ಲಿ ಉದ್ದವನ್ನು ಚೈನಿನಲ್ಲಿ ಕೊಟ್ಟಿರುತ್ತಾರೆ. ಒಂದು ಚೈನ್ 66 ಅಡಿ. ಒಂದು ಚೈನ್ ಅಗಲ, ಹತ್ತು ಚೈನ್ ಉದ್ದ ಇದ್ದರೆ ಒಂದು ಎಕರೆ.

ಈಗ ನಕ್ಷೆಗೆ ಬನ್ನಿ. ಹಳೆ ನಕ್ಷೆ, ಪಟ್ಟಿಗಳು ದೇಶದಿಂದ ದೇಶಕ್ಕೆ ಬೇರೆ. ಇಂಗ್ಲೆಂಡಿನಲ್ಲಿ 1836ರ ಕಾಯ್ದೆಯ ನಂತರ ತಯಾರಾದ ಟೈತ್ (ಚರ್ಚಿಗೆ ಕೊಡಬೇಕಿದ್ದ ಬೆಳೆಯ ಹತ್ತನೇ ಒಂದು ಪಾಲು) ನಕ್ಷೆಗಳ ಜೊತೆಗಿನ ಪಟ್ಟಿಯಲ್ಲಿ ಮಾಲೀಕರು, ಸಾಗುವಳಿದಾರರ ಹೆಸರು ಸಿಗುತ್ತದೆ. ಐರ್ಲೆಂಡಿಗೆ 1847ರಿಂದ 1864ರವರೆಗಿನ ಗ್ರಿಫಿತ್ ಮೌಲ್ಯಮಾಪನ ಪಟ್ಟಿ, ಅಂದರೆ ತೆರಿಗೆಗಾಗಿ ಜಮೀನು, ಮನೆಗಳ ಬೆಲೆ ಕಟ್ಟಿದ ಪಟ್ಟಿ ಇದೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಸರ್ಕಾರ ಮೊದಲ ಬಾರಿಗೆ ಭೂಮಿ ಕೊಟ್ಟ ಪತ್ರಗಳು ಆನ್‌ಲೈನಿನಲ್ಲೇ ಇವೆ. ಇನ್ನೊಂದು ದೊಡ್ಡ ನಿಧಿ ಅಮೆರಿಕದ ಕರೋನಾ ಬೇಹುಗಾರಿಕೆ ಉಪಗ್ರಹಗಳ ಚಿತ್ರಗಳು. 1960ರಿಂದ 1972ರವರೆಗೆ ತೆಗೆದ ಇವನ್ನು 1995ರಲ್ಲಿ ಬಹಿರಂಗಪಡಿಸಿದರು. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆಯ ಅರ್ತ್‌ಎಕ್ಸ್‌ಪ್ಲೋರರ್ ಜಾಲತಾಣದಲ್ಲಿ ಹುಡುಕಬಹುದು. ಅಣೆಕಟ್ಟು, ಬಡಾವಣೆ ಬರುವ ಮೊದಲು ನೆಲ ಹೇಗಿತ್ತು ಎಂದು ನೋಡಲು ಇದಕ್ಕಿಂತ ಒಳ್ಳೆಯದು ಕಡಿಮೆ. ಹಳೆ ನಕ್ಷೆಯನ್ನು ಗೂಗಲ್ ಅರ್ತ್ ಪ್ರೊದಲ್ಲಿ ಇಂದಿನ ಚಿತ್ರದ ಮೇಲೆ ಹೊಂದಿಸಿ. ಹಳ್ಳದ ತಿರುವು, ದಾರಿ ಕೂಡುವ ಜಾಗ ತಾಳೆಯಾದರೆ ಉಳಿದದ್ದೂ ಹೊಂದುತ್ತದೆ.

ಕೊನೆಗೆ ಜಾಗಕ್ಕೆ ಹೋಗಿ. ಈಗಿನ ಮಾಲೀಕರ ಒಪ್ಪಿಗೆ ಕೇಳಿಯೇ ಒಳಗೆ ಕಾಲಿಡಿ. ಆಸ್ತಿ ಕೇಳಲು ಬಂದಿಲ್ಲ ಎಂದು ಮೊದಲೇ ಹೇಳಿಬಿಡಿ. ಹಳೆ ಬಾವಿ, ಅಡಿಪಾಯದ ಕಲ್ಲು, ಬದು ಕಂಡಲ್ಲಿ ಫೋಟೋ ತೆಗೆದು ಜಿಪಿಎಸ್ ಗುರುತು ಹಾಕಿ. ದಾಖಲೆ, ನಕ್ಷೆ, ಹಿರಿಯರ ಮಾತು ಈ ಮೂರರಲ್ಲಿ ಎರಡಾದರೂ ಒಂದೇ ಜಾಗ ತೋರಿಸಿದರೆ ಮಾತ್ರ ‘ಖಚಿತ’ ಎಂದು ಬರೆಯಿರಿ. ಇಲ್ಲದಿದ್ದರೆ ‘ಇರಬಹುದು’ ಎಂದೇ ಇರಲಿ.