ಬ್ಲೇಡ್ ಮುಟ್ಟದೆ ಕಜ್ಜಿಯ ಹುಳು ಹಿಡಿಯುವ ಬಗೆ: ನನ್ನ ಅನುಭವ

ಕಜ್ಜಿಯನ್ನು ಖಚಿತಪಡಿಸಲು ಚರ್ಮವನ್ನು ಬ್ಲೇಡಿನಿಂದ ಕೆರೆದು ಸ್ಲೈಡಿಗೆ ಹಾಕುವುದು ಹಳೆಯ ರೂಢಿ. ಉರಿಯುತ್ತದೆ, ಮಕ್ಕಳು ಬ್ಲೇಡ್ ಕಂಡರೇ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ನಾನು ಬ್ಲೇಡನ್ನು ಕಟ್ಟಕಡೆಗೆ ಇಟ್ಟುಕೊಂಡು, ಡರ್ಮೋಸ್ಕೋಪ್ (ಚರ್ಮವನ್ನು ಹಿಗ್ಗಿಸಿ ತೋರಿಸುವ, ಬೆಳಕಿರುವ ಕೈಮಸೂರ), ಶಾಯಿ, ಪಾರದರ್ಶಕ ಟೇಪ್ ಇವುಗಳಿಂದ ಶುರು ಮಾಡುತ್ತೇನೆ. ಮೂರೂ ಕೆಲಸ ಮಾಡಬೇಕಾದರೆ ಮೊದಲು ಹುಳು ಚರ್ಮದೊಳಗೆ ಕೊರೆದ ಸುರಂಗ ಸಿಗಬೇಕು.

ಸಾಮಾನ್ಯ ಕಜ್ಜಿಯಲ್ಲಿ ಇಡೀ ಮೈಮೇಲೆ ಇರುವ ಹುಳುಗಳು ಸುಮಾರು 10–15 ಅಷ್ಟೇ. ಮೈತುಂಬ ಎದ್ದ ಗುಳ್ಳೆಗಳಲ್ಲಿ ಹೆಚ್ಚಿನವು ದೇಹದ ಅಲರ್ಜಿ ಪ್ರತಿಕ್ರಿಯೆ. ಅಲ್ಲಿ ಎಷ್ಟು ಕೆರೆದರೂ ಏನೂ ಸಿಗದು. ಹೊಟ್ಟೆ, ತೊಡೆಯ ಗುಳ್ಳೆಗಳನ್ನು ಬಿಟ್ಟು ನಾನು ಬೆರಳುಸಂದಿ, ಮಣಿಕಟ್ಟಿನ ಒಳಭಾಗ, ಕಿರುಬೆರಳ ಕಡೆಯ ಅಂಗೈ ಅಂಚು, ಮೊಣಕೈ, ಕಂಕುಳ ಮಡಿಕೆ, ಗಂಡಸರಲ್ಲಿ ಜನನಾಂಗ, ಕೂಸುಗಳಲ್ಲಿ ಅಂಗೈ ಅಂಗಾಲು ನೋಡುತ್ತೇನೆ. ಕೆಲವು ಮಿಲಿಮೀಟರ್ ಉದ್ದದ, ಅಂಕುಡೊಂಕಾದ, ಬೂದು ಅಥವಾ ಬಿಳಿಚಿದ ಗೆರೆ ಕಂಡರೆ ಅದೇ ಸುರಂಗ.

ಗೆರೆ ಸ್ಪಷ್ಟವಾಗದಿದ್ದರೆ ಶಾಯಿ. ತೊಳೆದರೆ ಹೋಗುವ ಫೌಂಟನ್ ಪೆನ್ನಿನ ಶಾಯಿಯನ್ನು ಅನುಮಾನದ ಜಾಗಕ್ಕೆ ಸವರಿ, ಕೆಲವು ನಿಮಿಷ ಬಿಟ್ಟು, ಸ್ಪಿರಿಟ್ ಹತ್ತಿಯಿಂದ ಒರೆಸುತ್ತೇನೆ. ಮೇಲಿನ ಶಾಯಿ ಹೋಗಿ ಸುರಂಗದೊಳಗೆ ಇಳಿದದ್ದು ಗೆರೆಯಾಗಿ ಉಳಿಯುತ್ತದೆ. ಕೆರೆದು ಹಸಿಯಾದ ಚರ್ಮದಲ್ಲಿ ಇದು ಬೇಡ: ಸ್ಪಿರಿಟ್ ಉರಿಯುತ್ತದೆ, ಪರಚಿದ ಗೆರೆಗಳೆಲ್ಲ ಶಾಯಿ ಹಿಡಿದು ದಾರಿ ತಪ್ಪಿಸುತ್ತವೆ.

ಡರ್ಮೋಸ್ಕೋಪಿನಲ್ಲಿ 10 ಪಟ್ಟು ಹಿಗ್ಗಿಸಿದಾಗ ಸುರಂಗದ ಒಂದು ತುದಿಯಲ್ಲಿ ಕಂದುಬಣ್ಣದ ಪುಟ್ಟ ತ್ರಿಕೋನ, ಅದರ ಹಿಂದೆ ಬಿಳಿ ಗೆರೆ ಕಾಣುತ್ತದೆ. ತ್ರಿಕೋನ ಎಂದರೆ ಹುಳುವಿನ ಬಾಯಿಭಾಗ ಮತ್ತು ಮುಂದಿನ ಎರಡು ಜೋಡಿ ಕಾಲು ಮಾತ್ರ. ಉಳಿದ ಮೈ ಪಾರದರ್ಶಕವಾದ್ದರಿಂದ ಇಷ್ಟು ಹಿಗ್ಗುವಿಕೆಯಲ್ಲಿ ಕಾಣದು. ಗೆರೆಯ ಎರಡೂ ತುದಿ ನೋಡಲೇಬೇಕು, ಏಕೆಂದರೆ ಹುಳು ಹೊಕ್ಕ ತುದಿ ಖಾಲಿ, ಅದು ಈಗ ಇರುವುದು ಇನ್ನೊಂದು ತುದಿಯಲ್ಲಿ. ಒಣಗಿದ ರಕ್ತದ ಚುಕ್ಕೆ, ಕೊಳೆ, ಸಣ್ಣ ಹೆಕ್ಕಳೆ ಕೂಡ ತ್ರಿಕೋನದಂತೆ ತೋರುವುದುಂಟು; ಹಿಂದೆ ಸುರಂಗವಿಲ್ಲದ ತ್ರಿಕೋನವನ್ನು ನಾನು ನಂಬುವುದಿಲ್ಲ. ಕಪ್ಪು ಚರ್ಮದಲ್ಲಿ ಬಣ್ಣದ ವ್ಯತ್ಯಾಸ ಕಡಿಮೆ, ಹಾಗಾಗಿ ಅಂಗೈ ಮತ್ತು ಬೆರಳ ಬದಿಗಳಿಗೆ ಹೆಚ್ಚು ಸಮಯ ಕೊಡುತ್ತೇನೆ. ಚರ್ಮಕ್ಕೆ ತಾಗದೆ, ಮೇಲ್ಮೈಯ ಹೊಳಪು ತಗ್ಗಿಸುವ ಪೋಲರೈಸ್ಡ್ ಬೆಳಕಿನಲ್ಲಿ ನೋಡುವುದೇ ಮೇಲು. ತಾಗಿಸಿದರೆ ಪ್ರತಿ ರೋಗಿಯ ನಂತರ ಗಾಜನ್ನು 70% ಆಲ್ಕೋಹಾಲಿನಿಂದ ಒರೆಸಲೇಬೇಕು.

ಹುಳುವನ್ನು ಸ್ಲೈಡಿನಲ್ಲೇ ನೋಡಬೇಕೆಂದರೆ ಟೇಪ್. ಜಾಗದಲ್ಲಿ ಎಣ್ಣೆ, ಮುಲಾಮು ಇದ್ದರೆ ಒರೆಸಿ ಪೂರ್ತಿ ಒಣಗಿಸುತ್ತೇನೆ, ಇಲ್ಲದಿದ್ದರೆ ಅಂಟು ಹಿಡಿಯದು. ಸ್ಲೈಡಿಗಿಂತ ಚಿಕ್ಕದಾಗಿ ಕತ್ತರಿಸಿದ, ಚೆನ್ನಾಗಿ ಅಂಟುವ ಪಾರದರ್ಶಕ ಟೇಪನ್ನು ತ್ರಿಕೋನವಿದ್ದ ತುದಿಯ ಮೇಲೆ ಹೆಬ್ಬೆರಳಿನಿಂದ ಕೆಲವು ಸೆಕೆಂಡ್ ಗಟ್ಟಿಯಾಗಿ ಒತ್ತಿ, ಒಮ್ಮೆಗೇ ಸರ್ರನೆ ಎಳೆಯುತ್ತೇನೆ. ನಿಧಾನವಾಗಿ ಎಳೆದರೆ ಸತ್ತ ಚರ್ಮದ ಮೇಲಿನ ಪುಡಿಯಷ್ಟೇ ಬರುತ್ತದೆ. ಹುಳು ಇರುವುದು ಆ ಸತ್ತ ಪದರದ ಒಳಗೆ, ಆದ್ದರಿಂದ ಅದೇ ಜಾಗದಲ್ಲಿ ಹೊಸ ತುಂಡುಗಳಿಂದ ಎರಡು ಮೂರು ಸಲ ಮಾಡಬೇಕು. ರೋಮವಿರುವ ಕಡೆ ಮಾತ್ರ ಇದು ನೋಯುತ್ತದೆ. ಟೇಪನ್ನು ಸುಕ್ಕಿಲ್ಲದೆ ಸ್ಲೈಡಿಗೆ ಅಂಟಿಸಿ, ಮೈಕ್ರೋಸ್ಕೋಪಿನ ಕಂಡೆನ್ಸರ್ (ಸ್ಲೈಡಿನ ಕೆಳಗೆ ಬೆಳಕು ಕೂಡಿಸುವ ಮಸೂರ) ಇಳಿಸಿ, ಮೊದಲು 4 ಪಟ್ಟಿನ, ಆಮೇಲೆ 10 ಪಟ್ಟಿನ ಆಬ್ಜೆಕ್ಟಿವಿನಲ್ಲಿ ನೋಡುತ್ತೇನೆ. ಗಾಳಿಗುಳ್ಳೆಗೆ ದಪ್ಪ ಕಪ್ಪು ಅಂಚಿರುತ್ತದೆ, ಮೊಟ್ಟೆಗೆ ಇರುವುದಿಲ್ಲ. ಎಂಟು ಕಾಲಿನ ಹುಳು, ಆರು ಕಾಲಿನ ಮರಿ, ಅಂಡಾಕಾರದ ಮೊಟ್ಟೆ, ಕಂದು ಹಿಕ್ಕೆ ಇವುಗಳಲ್ಲಿ ಯಾವುದೊಂದು ಕಂಡರೂ ಕಜ್ಜಿ ಖಚಿತ. ಹಿಕ್ಕೆಯನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಕರಗಿಸಿಬಿಡುತ್ತದೆ. ಶಿಲೀಂಧ್ರ ನೋಡುವ ಅಭ್ಯಾಸದಲ್ಲಿ ಅದನ್ನು ಇಲ್ಲಿ ಹಾಕಬಾರದು.

ಏನೂ ಕಾಣಲಿಲ್ಲವೆಂದರೆ ಕಜ್ಜಿ ಇಲ್ಲವೆಂದು ನಾನು ಬರೆಯುವುದಿಲ್ಲ. ರಾತ್ರಿ ಹೆಚ್ಚುವ ತುರಿಕೆ, ಮನೆಯವರಿಗೂ ತುರಿಕೆ, ಸರಿಯಾದ ಜಾಗಗಳಲ್ಲಿ ಗುಳ್ಳೆ ಇದ್ದರೆ ಚಿಕಿತ್ಸೆ ಶುರು ಮಾಡಲು ಅಷ್ಟು ಸಾಕು. ಮೊದಲ ಸಲ ಸೋಂಕು ತಗುಲಿದವರಲ್ಲಿ ತುರಿಕೆ 4–6 ವಾರಗಳ ನಂತರವೇ ಶುರುವಾಗುತ್ತದೆ, ಹಾಗಾಗಿ ತುರಿಕೆಯಿಲ್ಲದ ಮನೆಯವರ ಕೈಗಳನ್ನೂ ನೋಡಬೇಕು. ಚಿಕಿತ್ಸೆಯಾದ ಮೇಲೂ ಸತ್ತ ಹುಳು ಚರ್ಮ ಉದುರುವವರೆಗೆ ಅಲ್ಲೇ ಕಾಣಬಹುದು, ತುರಿಕೆಯೂ ಕೆಲವು ವಾರ ಉಳಿಯಬಹುದು. ಹಳೆಯ ತ್ರಿಕೋನ ಕಂಡ ಮಾತ್ರಕ್ಕೆ ಮದ್ದು ಸೋತಿತು ಎನ್ನಲಾಗದು. ಹೊಸ ಸುರಂಗ ಮೂಡಿದೆಯೇ ಎಂದು ಹುಡುಕುತ್ತೇನೆ.

ಇದೇ ಡರ್ಮೋಸ್ಕೋಪ್ ತಲೆಹೇನಿಗೂ ಒದಗುತ್ತದೆ: ತುಂಬಿದ ಕಂದು ಸೀರು ಜೀವಂತವಿರಬಹುದು, ಪಾರದರ್ಶಕವಾಗಿ ತುದಿ ಚಪ್ಪಟೆಯಾದದ್ದು ಖಾಲಿ ಚಿಪ್ಪು. ಆದರೆ ಚರ್ಮದಲ್ಲಿ ಹುಣ್ಣು ಮಾಡುವ ಲೀಶ್ಮೇನಿಯಾದಂತಹ ಪರಾವಲಂಬಿಗಳು ಚರ್ಮದ ಆಳದ ಪದರದಲ್ಲಿರುತ್ತವೆ. ಅಲ್ಲಿ ಟೇಪಿನ ಸ್ಲೈಡ್ ನೋಡಿ ಸಮಯ ಕಳೆಯದೆ, ಜಾಗ ಮರಗಟ್ಟಿಸಿ ಮಾದರಿ ತೆಗೆಯುವುದೇ ಸರಿ.