ಪೆನ್ನಿನ ಸುತ್ತು ಬೇಕಾಗದಂಥ ಬೋರ್ಡಿಂಗ್ ಪಾಸ್ ಮಾಡುವುದು ಹೇಗೆ

ಚೆಕ್-ಇನ್ ಕೌಂಟರಿನಲ್ಲಿ ಬೋರ್ಡಿಂಗ್ ಪಾಸ್ ಕೊಡುವವರ ಕೈ ಗಮನಿಸಿದ್ದೀರಾ? ಚೀಟಿಯನ್ನು ನಮ್ಮ ಕಡೆಗೆ ತಿರುಗಿಸಿ ಗೇಟ್ ನಂಬರಿಗೆ ಒಂದು ಸುತ್ತು, ಬೋರ್ಡಿಂಗ್ ಟೈಮಿಗೆ ಒಂದು ಸುತ್ತು, ಸೀಟಿಗೆ ಇನ್ನೊಂದು ಸುತ್ತು ಪೆನ್ನಿನಲ್ಲಿ ಹಾಕಿ ಕೊಡುತ್ತಾರೆ. ಚೀಟಿಯೇ ಹೇಳಬೇಕಾದ ಮಾತನ್ನು ಪಾಪ ಅವರು ದಿನವಿಡೀ ಪೆನ್ನಿನಿಂದ ಹೇಳುತ್ತಿದ್ದಾರೆ. ನೀವು ಬೋರ್ಡಿಂಗ್ ಪಾಸನ್ನು ಹೊಸದಾಗಿ ಡಿಸೈನ್ ಮಾಡಲು ಕೂತಿದ್ದರೆ, ಅದು ಕಾಲೇಜ್ ಪ್ರಾಜೆಕ್ಟ್ ಇರಲಿ ಕಂಪನಿ ಕೆಲಸ ಇರಲಿ, ಮೊದಲು ನೋಡಬೇಕಾದ್ದು ಈ ಸುತ್ತುಗಳನ್ನು. ಮನೆಯಲ್ಲಿ, ಸ್ನೇಹಿತರ ಬ್ಯಾಗಿನಲ್ಲಿ ಇರುವ ಹಳೇ ಪಾಸುಗಳನ್ನೆಲ್ಲಾ ಒಟ್ಟು ಮಾಡಿ. ಪೆನ್ನು ಎಲ್ಲೆಲ್ಲಿ ಓಡಿದೆಯೋ ಅದನ್ನೇ ನೀವು ದೊಡ್ಡದು ಮಾಡಬೇಕು.

ನನಗೆ ಈ ವಿಷಯ ತಲೆಗೆ ಹತ್ತಿದ್ದು ನಮ್ಮಮ್ಮನಿಂದ. ಮೊದಲ ಸಲ ಒಬ್ಬರೇ ಬೆಂಗಳೂರಿನಿಂದ ಹುಬ್ಬಳ್ಳಿಗೆ ವಿಮಾನದಲ್ಲಿ ಹೊರಟಿದ್ದರು. ಚೀಟಿಯಲ್ಲಿ ಎರಡು ಟೈಮ್ ಇತ್ತು, ವಿಮಾನ ಹೊರಡುವ ಟೈಮ್ ದಪ್ಪಗೆ, ಬೋರ್ಡಿಂಗ್ ಟೈಮ್ ಸಣ್ಣಗೆ. ಅಮ್ಮ ದಪ್ಪಗಿದ್ದದ್ದನ್ನು ನಂಬಿ ಕಾಫಿ ಕುಡಿಯುತ್ತಾ ಕೂತಿದ್ದರು. ಮೈಕಿನಲ್ಲಿ ಹೆಸರು ಕರೆದ ಮೇಲೆ ಮಂಡಿನೋವಿನಲ್ಲೇ ಓಡಿದ್ದಾರೆ. ತಪ್ಪು ಅವರದಲ್ಲ.

ಆದ್ದರಿಂದ ಬಿಡಿಸುವ ಮೊದಲು ಚೀಟಿಯ ಜೊತೆ ಒಂದು ಸುತ್ತು ನಡೆದುಬನ್ನಿ. ನಮ್ಮ ಏರ್‌ಪೋರ್ಟುಗಳಲ್ಲಿ ಬಾಗಿಲಲ್ಲೇ ಕೇಂದ್ರ ಭದ್ರತಾ ಪಡೆಯಾದ ಸಿಐಎಸ್ಎಫ್‌ನವರು ಹೆಸರು, ತಾರೀಕು ನೋಡಿ ಗುರುತಿನ ಚೀಟಿ ಜೊತೆ ಹೋಲಿಸುತ್ತಾರೆ. ಗೇಟಿನಲ್ಲಿ ಬಾರ್‌ಕೋಡ್ ಮುಖ್ಯ. ವಿಮಾನದ ಬಾಗಿಲಲ್ಲಿ ಮತ್ತು ಒಳಗಿನ ಇಕ್ಕಟ್ಟು ದಾರಿಯಲ್ಲಿ ಸೀಟ್ ನಂಬರ್ ಒಂದೇ ಸಾಕು. ಪ್ರಯಾಣಿಕರಿಗೆ ಬೇಕಾದ್ದು ಮೂರೇ ಮಾತು: ಎಲ್ಲಿಗೆ ಹೋಗಲಿ, ಎಷ್ಟು ಹೊತ್ತಿನೊಳಗೆ, ಎಲ್ಲಿ ಕೂರಲಿ. ಈ ಮೂರನ್ನು ಎಡದಿಂದ ಬಲಕ್ಕೆ ಅದೇ ಕ್ರಮದಲ್ಲಿ ದೊಡ್ಡದಾಗಿ ಇಡಿ. ಪಿಎನ್ಆರ್ ಅಂದರೆ ಬುಕಿಂಗ್ ನಂಬರ್, ಚೆಕ್-ಇನ್ ಕ್ರಮ ಹೇಳುವ ಸೀಕ್ವೆನ್ಸ್ ನಂಬರ್, ಟಿಕೆಟ್ ನಂಬರ್ ಎಲ್ಲಾ ಇರಲಿ, ಆದರೆ ಕೆಳಗೆ ಸಣ್ಣಗೆ. ಏರ್‌ಲೈನ್ ಲೋಗೋ ಕೂಡ ಅಷ್ಟೇ. ವಿಮಾನ ಯಾರದ್ದು ಅಂತ ದುಡ್ಡು ಕೊಟ್ಟವರಿಗೆ ಗೊತ್ತಿರುತ್ತದೆ, ಅಲ್ವಾ?

ಟೈಮಿನ ವಿಷಯಕ್ಕೆ ಜಾಸ್ತಿ ಹೊತ್ತು ಕೊಡಿ, ಜನ ಎಡವುವುದು ಇಲ್ಲೇ. ದೇಶದೊಳಗಿನ ವಿಮಾನಗಳಲ್ಲಿ ಹೊರಡುವುದಕ್ಕೆ ಸಾಮಾನ್ಯವಾಗಿ 25 ನಿಮಿಷ ಮೊದಲೇ ಗೇಟ್ ಮುಚ್ಚುತ್ತದೆ. ಅಂದರೆ 10:40ರ ವಿಮಾನಕ್ಕೆ ನಿಜವಾದ ಗಡುವು 10:15. ದಪ್ಪ ಅಕ್ಷರದಲ್ಲಿ ಇರಬೇಕಾದ್ದು 'ಗೇಟ್ ಮುಚ್ಚುವ ಸಮಯ 10:15', ಹೊರಡುವ ಸಮಯ ಅದರ ಪಕ್ಕದಲ್ಲಿ ತೆಳ್ಳಗೆ ಇದ್ದರೆ ಸಾಕು. ಇನ್ನೊಂದು ಗುಂಡಿ ನಡುರಾತ್ರಿಯ ವಿಮಾನ. 14ನೇ ತಾರೀಕು 00:20 ಅಂತ ಬರೆದರೆ, 14ರ ರಾತ್ರಿ ಊಟ ಮುಗಿಸಿ ಹೊರಡುವವರು ಇದ್ದಾರೆ, ಅಷ್ಟರಲ್ಲಿ ವಿಮಾನ ಹೋಗಿ ಹೆಚ್ಚುಕಮ್ಮಿ ಒಂದು ದಿನವೇ ಆಗಿರುತ್ತದೆ. ಇಂಥ ವಿಮಾನಕ್ಕೆ ವಾರದ ಹೆಸರು ಸೇರಿಸಿ 'ಶನಿವಾರ ರಾತ್ರಿ ಕಳೆದು ಭಾನುವಾರ 00:20' ಅಂತಲೇ ಹಾಕಿ. ಸಾಲು ಉದ್ದವಾದರೂ ಪರವಾಗಿಲ್ಲ.

ಊರಿನ ಹೆಸರಿಗೂ ಇದೇ ಮಾತು. ಮಂಗಳೂರಿನ ಏರ್‌ಪೋರ್ಟ್ ಕೋಡ್ ಐಎಕ್ಸ್‌ಇ, ಬೆಳಗಾವಿಯದು ಐಎಕ್ಸ್‌ಜಿ, ಹುಬ್ಬಳ್ಳಿಯದು ಎಚ್‌ಬಿಎಕ್ಸ್. ಈ ಮೂರಕ್ಷರಗಳನ್ನು ಅಂಗೈಯಷ್ಟು ದೊಡ್ಡದು ಮಾಡಿದರೆ ನೋಡಲು ಚೆಂದ, ಓದುವವರಿಗೆ ಏನೂ ತಿಳಿಯುವುದಿಲ್ಲ. ಪೂರ್ತಿ ಹೆಸರು ದೊಡ್ಡದಿರಲಿ. ಕೋಡ್ ಬ್ಯಾಗಿನ ಟ್ಯಾಗ್ ನೋಡಿಕೊಳ್ಳಲು ಬೇಕಾಗುತ್ತದೆ, ಅದಕ್ಕೆ ಸಣ್ಣಗೆ ಉಳಿಸಿಕೊಳ್ಳಿ. ಬೆಂಗಳೂರಿನಂತೆ ಎರಡು ಟರ್ಮಿನಲ್ ಇರುವ ಕಡೆ ಟರ್ಮಿನಲ್ ನಂಬರ್ ಊರಿನ ಹೆಸರಿಗೆ ಅಂಟಿಕೊಂಡೇ ಇರಬೇಕು.

ಈಗ ಕಾಗದಕ್ಕೆ ಬರೋಣ. 2010ರಲ್ಲಿ ಟೈಲರ್ ಥಾಂಪ್ಸನ್ ಎಂಬ ಅಮೆರಿಕದ ಡಿಸೈನರ್ ಡೆಲ್ಟಾ ಏರ್‌ಲೈನ್ಸ್ ಪಾಸನ್ನು ಹೊಸದಾಗಿ ಬಿಡಿಸಿ ತೋರಿಸಿದರು. ಅದನ್ನು ನೋಡಿ ಬೇರೆಯವರೂ ತಮ್ಮ ತಮ್ಮ ರೂಪ ಮಾಡಿದರು. ಆಗ ಎದ್ದ ದೊಡ್ಡ ಪ್ರಶ್ನೆ ಪ್ರಿಂಟರಿನದು. ಕೌಂಟರಿನ ಥರ್ಮಲ್ ಪ್ರಿಂಟರ್ ಕಾಗದವನ್ನು ಬಿಸಿ ಮಾಡಿ ಕಪ್ಪು ಮೂಡಿಸುತ್ತದೆ, ಅಷ್ಟೇ. ಬಣ್ಣ ಬೇಕೆಂದರೆ ಕಾಗದದ ಮೇಲೆ ಮೊದಲೇ ಅಚ್ಚಾಗಿರಬೇಕು. ಆದ್ದರಿಂದ ಬರೀ ಕಪ್ಪಿನಲ್ಲಿ ಶುರು ಮಾಡಿ. ಸುಮಾರು 20 ಸೆಂಟಿಮೀಟರ್ ಅಗಲ, 8 ಸೆಂಟಿಮೀಟರ್ ಎತ್ತರದ ಚೌಕಟ್ಟು ಹಾಕಿ, ಬಲಗಡೆ ಹರಿಯುವ ತುಂಡಿಗೆ ಗೆರೆ ಎಳೆಯಿರಿ. ಇಂಥ ಪ್ರಿಂಟರುಗಳಲ್ಲಿ ಸಾಮಾನ್ಯವಾಗಿ ಒಂದು ಮಿಲಿಮೀಟರಿಗೆ 8 ಚುಕ್ಕಿ ಮಾತ್ರ ಬೀಳುತ್ತದೆ. ಕೂದಲೆಳೆಯಂಥ ಗೆರೆ, ತಿಳಿ ಬೂದು ಬಣ್ಣ ಯಾವುದೂ ನಿಲ್ಲುವುದಿಲ್ಲ. ದಪ್ಪ ಮತ್ತು ತೆಳು, ದೊಡ್ಡದು ಮತ್ತು ಸಣ್ಣದು, ಮಧ್ಯೆ ಖಾಲಿ ಜಾಗ, ಇಷ್ಟರಲ್ಲೇ ಕೆಲಸ ಮುಗಿಸಬೇಕು.

ಹರಿದ ಮೇಲೆ ಪ್ರಯಾಣಿಕರ ಕೈಯಲ್ಲಿ ಉಳಿಯುವುದು ಆ ಚಿಕ್ಕ ತುಂಡು, ಇದನ್ನು ಮರೆಯಬೇಡಿ. ಸೀಟ್ ನಂಬರ್ ಅಲ್ಲೂ ದೊಡ್ಡದಾಗಿ ಇರಲೇಬೇಕು. ಹೆಸರು, ತಾರೀಕು, ವಿಮಾನದ ನಂಬರ್ ಕೂಡ ಬೇಕು. ಸರ್ಕಾರಿ ನೌಕರರು ಪ್ರಯಾಣದ ಬಿಲ್ಲಿಗೆ ಲಗತ್ತಿಸುವುದು ಅದನ್ನೇ. ಗೇಟ್ ನಂಬರ್ ಇನ್ನೂ ಗೊತ್ತಿಲ್ಲದಿದ್ದರೆ ಆ ಜಾಗದಲ್ಲಿ ಒಂದು ಖಾಲಿ ಚೌಕ ಬಿಡಿ, ಪೆನ್ನಿನಲ್ಲಿ ಬರೆದುಕೊಳ್ಳುವಷ್ಟು ದೊಡ್ಡದು. ಬದಲಾಗುವ ಸಂಗತಿಗೆ ಇದಕ್ಕಿಂತ ಒಳ್ಳೆಯ ಉಪಾಯ ಕಾಗದದಲ್ಲಿ ಇಲ್ಲ.

ಬಾರ್‌ಕೋಡನ್ನು ಮುಟ್ಟಲು ಹೋಗಬೇಡಿ. ಅದು ಏರ್‌ಲೈನ್ ಕಂಪನಿಗಳ ಅಂತರರಾಷ್ಟ್ರೀಯ ಸಂಘವಾದ ಐಎಟಿಎ ನಿಯಮದ ಪ್ರಕಾರ ಇರುತ್ತದೆ, ಕಾಗದದ ಮೇಲೆ ಪಿಡಿಎಫ್417 ಎಂಬ ಬಗೆ. ಹೆಸರು, ಪಿಎನ್ಆರ್, ಸೀಟ್ ಎಲ್ಲಾ ಅದರೊಳಗೆ ಇದೆ. ಸುತ್ತ ಬಿಳಿ ಜಾಗ ಬಿಟ್ಟರೆ ಸಾಕು. ಮನೆಯಲ್ಲಿ ಎ4 ಹಾಳೆಗೆ ಪ್ರಿಂಟ್ ಮಾಡುವ ರೂಪದಲ್ಲಿ ಮಾತ್ರ ಒಂದು ಎಚ್ಚರ ಬೇಕು. ಜನ ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕುತ್ತಾರೆ, ಮಡಿಕೆ ಬಾರ್‌ಕೋಡಿನ ಮೇಲೆ ಬೀಳದಂತೆ ಒಂದು ಕಾಲುಭಾಗದೊಳಗೆ ಇಡಿ.

ಕನ್ನಡವನ್ನೂ ಸೇರಿಸಿ, ದಯವಿಟ್ಟು. ಹಾಗೆ ಸೇರಿಸುವಾಗ 'ಹುಬ್ಬಳ್ಳಿ' ಅಂತ ಬರೆದು ಪರೀಕ್ಷೆ ಮಾಡಿ, 'ಮೈಸೂರು' ಸಾಲದು. ಹುಬ್ಬಳ್ಳಿಯಲ್ಲಿ ಎರಡು ಒತ್ತಕ್ಷರ ಇವೆ. ಇಂಗ್ಲಿಷಿಗೆ ಇಟ್ಟ ಸಾಲಿನ ಅಂತರವನ್ನೇ ಇಟ್ಟರೆ ಒತ್ತು ಕೆಳಗಿನ ಸಾಲಿಗೆ ತಾಗಿ ಎರಡೂ ಕೆಡುತ್ತವೆ. ಪ್ರಿಂಟರಿನಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೆ ಗೇಟ್, ಸೀಟ್, ಸಮಯ ಎಂಬ ಬದಲಾಗದ ಪದಗಳನ್ನು ಕಾಗದದ ಮೇಲೆ ಮೊದಲೇ ಅಚ್ಚು ಹಾಕಿಸಬಹುದು. ಅಂಕಿಗಳು ಮಾತ್ರ ಗೇಟಿನ ಬೋರ್ಡಿನಲ್ಲಿ ಇರುವಂಥವೇ ಇರಲಿ, ಹೋಲಿಸಿ ನೋಡಲು ಸುಲಭ.

ಕೊನೆಗೆ ಪರೀಕ್ಷೆ. ಸುಮ್ನೆ ಸ್ಕ್ರೀನ್ ಮೇಲೆ ನೋಡಿ ಒಪ್ಪಿಕೊಳ್ಳಬೇಡಿ. ಕಪ್ಪು-ಬಿಳುಪಿನಲ್ಲಿ ಪ್ರಿಂಟ್ ತೆಗೆದು, ಅಳತೆಗೆ ಕತ್ತರಿಸಿ, ಇದುವರೆಗೆ ವಿಮಾನವನ್ನೇ ಹತ್ತದ ಯಾರಿಗಾದರೂ ಕೊಡಿ. ಅವರ ಒಂದು ಕೈಯಲ್ಲಿ ಬ್ಯಾಗ್ ಇರಲಿ, ಕನ್ನಡಕ ತೆಗೆದಿಡಲಿ. ಐದು ಸೆಕೆಂಡ್ ತೋರಿಸಿ, ಚೀಟಿ ಕಸಿದುಕೊಂಡು ಕೇಳಿ: ಎಲ್ಲಿಗೆ, ಎಷ್ಟು ಹೊತ್ತಿನೊಳಗೆ, ಎಲ್ಲಿ ಕೂರುವುದು? ಮೂರಕ್ಕೂ ಉತ್ತರ ಬರುವ ತನಕ ತಿದ್ದುತ್ತಾ ಹೋಗಿ. ನಾನು ಬಿಡಿಸಿದ್ದಕ್ಕೆ ಅಮ್ಮ ನಾಲ್ಕನೇ ಸಲಕ್ಕೆ ಮೂರನ್ನೂ ಸರಿಯಾಗಿ ಹೇಳಿದರು.